ಬೆವರುಪಟ್ಟಿಯ ಹಿಂದೆ

ಮೊದಲು ಕಣ್ಣು ಮುಚ್ಚು ಅಂದೆ ಆ ಹುಡುಗನಿಗೆ.
ಕಣ್ಣಿಗೆ ಹೊಸತೆಲ್ಲ ಚೆಂದ.

ಪೋರ್ತು ಊರಿನ ಶನಿವಾರದ ಹಳೆಸಾಮಾನಿನ ಸಂತೆ,
ನದಿಯ ಕಡೆಯಿಂದ ಜಿನುಗು.
ಅವನ ಎರಡು ಕೈಯಲ್ಲಿ ಎರಡು ಟೋಪಿ:
ಒಂದು ಹೋದ ತಿಂಗಳು ಕೊಂಡದ್ದು, ಇನ್ನೂರೈವತ್ತು ಯೂರೋ;
ಇನ್ನೊಂದು ಸತ್ತ ಅಜ್ಜನ ಬೀರುವಿನ ಮೇಲಿನದು.
"ಹಳೆಯದನ್ನು ಹತ್ತಕ್ಕೆ ಇಟ್ಟುಕೊಳ್ಳುತ್ತೀರಾ, ದೋನಾ ಗ್ರಾಸಿಯೆತ್?"

ತಾಳು. ಅಂಚನ್ನು ಎರಡು ಬೆರಳಲ್ಲಿ ಹಿಡಿ,
ಮಲಗಿದ ಮಗುವಿನ ಕಿವಿ ಹಿಡಿದಷ್ಟು ಮೆಲ್ಲಗೆ.
ತೆಳ್ಳಗಿರಬೇಕು, ತೆಳ್ಳಗಿದ್ದೂ ಸೋಲಬಾರದು.

ಹೊಸತನ್ನು ಬಾಗಿಸಿ ಬಿಟ್ಟೆ:
ಸಾಲ ಕೇಳಲು ಬಂದ ನೆಂಟನ ಹಾಗೆ
ಬಗ್ಗಿದ್ದು ಬಗ್ಗಿಯೇ ನಿಂತಿತು.
ಉಗುರಲ್ಲಿ ತಟ್ಟಿದೆ, ಟಕ್.
ಅದು ಅರಗಿನ ಮಾತು, ಮೊಲದ್ದಲ್ಲ.
ಕರವಸ್ತ್ರದಲ್ಲಿ ಉಜ್ಜಿದರೆ ಬಟ್ಟೆಗೆ ಬೂದು ಪುಡಿ,
ಮೇಲಿನ ಮಿಂಚೆಲ್ಲ ಮದುವೆಮನೆಯ ಮುಖ.
ಜಿನುಗಿಗೆ ನೆನೆದ ಮೂಲೆ ಮೂಸಿದೆ. ಸಣ್ಣಗೆ ಕುರಿ.
ತುಪ್ಪಳದ ಜತೆ ಎಷ್ಟೋ ಉಣ್ಣೆ ಬೆರೆಸಿದ್ದಾರೆ,
ಹಾಲಿಗೆ ನೀರು ಹೊಯ್ಯುವವನೂ ಇಷ್ಟು ಉದಾರಿಯಲ್ಲ.
ಒಳಗೆ ಮಾತ್ರ ಹೊನ್ನಿನಕ್ಷರ, ಐದು ನಕ್ಷತ್ರ.
ನಕ್ಷತ್ರ ಅಚ್ಚೊತ್ತಲು ಮೊಲ ಬೇಕಿಲ್ಲ, ಮಗಾ.

ಹಳೆಯದು.
ಕಂದು. ನಮ್ಮಲ್ಲಿ ಹಾಗನ್ನುತ್ತಿರಲಿಲ್ಲ, ಸುಟ್ಟ ಚೆಸ್ಟ್‌ನಟ್ ಅನ್ನುತ್ತಿದ್ದೆವು.
ಈಗ ಮಾಸಿದೆ, ರಿಬ್ಬನ್ನಿನ ಅಡಿಯಲ್ಲಿ ಮಾತ್ರ
ಹುಟ್ಟಿದ ದಿನದ ಬಣ್ಣ ಹಾಗೇ ಇದೆ.
ಎಡಗಡೆ ನುಸಿ ಮೇಯ್ದ ಒಂದು ಚುಕ್ಕೆ,
ನೆತ್ತಿಯ ಮಡಿಕೆಯಲ್ಲಿ ನಾಲ್ಕು ದಶಕ
ಒಂದೇ ಕಡೆ ಹಿಡಿದೆತ್ತಿದ ಹೆಬ್ಬೆರಳಿನ ಜಿಡ್ಡು.
ಇವಕ್ಕೆಲ್ಲ ಬೆಲೆ ಕಳೆಯಬೇಕು. ಕಳೆದೆ.
ಸುರುಳಿ ಸುತ್ತಿ ಬಿಟ್ಟೆ:
ಎದ್ದು ಕೂತಿತು, ಯಾರೋ ಹೆಸರು ಹಿಡಿದು ಕರೆದ ಹಾಗೆ.
ಬೆಳಕಿಗೆ ಹಿಡಿದೆ: ಸೂಜಿಮೊನೆಯಷ್ಟೂ ತೂರಲಿಲ್ಲ.
ಕುದಿನೀರಲ್ಲಿ, ಆಮ್ಲದಲ್ಲಿ, ತುಪ್ಪಳವನ್ನು ಇಷ್ಟು ಬಿಗಿಯಲು
ಯಾರದೋ ಉಗುರು ಕಪ್ಪಾಗಬೇಕು.
ನನ್ನಪ್ಪನ ಹತ್ತೂ ಕಪ್ಪಾಗಿದ್ದವು,
ಇಗರ್ಜಿಯಲ್ಲಿ ಕೈಮುಗಿದರೂ
ಬೆರಳ ತುದಿ ಒಳಕ್ಕೆ ಮಡಚಿಕೊಳ್ಳುತ್ತಿದ್ದ.

ಬೆವರುಪಟ್ಟಿ ತಿರುವಿದೆ.
ತೊಗಲು ಒಣಗಿದೆ, ಹೊಲಿಗೆ ಗಟ್ಟಿ.
ಎಂಟು, ಒಂಬತ್ತು, ಹತ್ತು ಎನ್ನುತ್ತ ಬಂದ ಬೆರಳು
ಒಂದು ಕಡೆ ಎಣಿಕೆ ಮರೆತಿತು.
ಕೊನೆಯ ಮೂರು ಹೊಲಿಗೆ ಕೆಂಪು ದಾರ.

ನಮ್ಮೂರ ಕಾರ್ಖಾನೆಯಲ್ಲಿ ಕಂದು ದಾರ ಮುಗಿದರೆ
ಎದ್ದು ಹೋಗಿ ಕೇಳಬೇಕಿತ್ತು.
ಎದ್ದವರ ಕೂಲಿ ಮುರಿಯುತ್ತಿದ್ದ ಮೇಸ್ತ್ರಿ.
ಅವ್ವ ಎದ್ದವಳಲ್ಲ. ತನ್ನ ಶಾಲಿನ ಚುಂಗಿನಿಂದ
ಒಂದೆಳೆ ಕಿತ್ತು ಮುಗಿಸುತ್ತಿದ್ದಳು
ಯಾರ ತಲೆಗೂ ಕಾಣದ ಜಾಗದಲ್ಲಿ.
ಇದು ಅವಳದೇ ಎಂದು ಆಣೆ ಇಡಲಾರೆ.
ಆ ಕೋಣೆಯಲ್ಲಿ ಮೂವತ್ತು ಹೆಂಗಸರು,
ಕೆಂಪು ಶಾಲು ಎಷ್ಟಿದ್ದವೋ.

ಹತ್ತು ಅಂದಿದ್ದ ಅವನು.
ಹೂಂ ಅಂದಿದ್ದರೆ ಮುಗಿಯುತ್ತಿತ್ತು,
ನಾಲಿಗೆ ಎದ್ದೂ ಎದ್ದಿತ್ತು.

"ತೊಂಬತ್ತು," ಅಂದೆ. "ನುಸಿ ಕಳೆದು."
ನನ್ನ ಡಬ್ಬಿಯಲ್ಲಿದ್ದುದು ನಲವತ್ತೆರಡು.

ಅವನು ನಕ್ಕ, ನಂಬಲಿಲ್ಲ, ಆಮೇಲೆ ನಂಬಿದ.
ಹೊಸತನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ
ಹಳೆಯದನ್ನು ತಲೆಗಿಟ್ಟುಕೊಂಡ, ಹಿಂದುಮುಂದಾಗಿ.
ರಿಬ್ಬನ್ನಿನ ಗಂಟು ಎಡಕ್ಕೆ ಬರಬೇಕು ಎಂದು ತಿರುಗಿಸಿಕೊಟ್ಟೆ.
ಮತ್ತೆ ಮುಟ್ಟಿದ್ದು ಅಷ್ಟೇ ಹೊತ್ತು.

ಅವನು ಮೆಟ್ಟಿಲಿಳಿಯುವಾಗ ಮಳೆ ಬಲಿಯಿತು.
ಇಷ್ಟು ದೂರದಿಂದಲೂ ಕಂಡಿತು:
ಒಂದು ಹನಿಯೂ ಇಂಗಲಿಲ್ಲ,
ಕೋಸಿನೆಲೆಯ ಮೇಲಿನ ಹಾಗೆ ಉರುಳಿ
ಹಿಂದಿನ ಅಂಚಿನಿಂದ ಅವನ ಕೊರಳೊಳಗೆ ಬಿತ್ತು.
ಅವನು ಬೈದುಕೊಂಡದ್ದೂ ಕೇಳಿಸಿತು.